ಅಟ್ಟದ ಮೇಲಿನ ಅರ್ಧ ಸ್ವೆಟರು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಿ ಅದು ಅಷ್ಟು ಸಲೀಸಾಗಿ ಓಡುವ ಗಿರಾಕಿಯಲ್ಲ ಎಂಬುದು ಬೆಳಗಿನ ಮೊದಲ ಬಸ್ಸಿಗೆ ಕಾಯುವವರಿಗೆ ಗೊತ್ತು. ಆದರೂ ಒಂಬತ್ತು ಗಂಟೆ ಹೊತ್ತಿಗೆ ಮಫ್ಲರು ತಲೆಯಿಂದ ಹೆಗಲಿಗೆ, ಹೆಗಲಿಂದ ಚೀಲಕ್ಕೆ ಇಳಿಯುತ್ತದೆ. ರಸ್ತೆ ಬದಿಯ ಹೊಂಗೆ ಚಿಗುರುತ್ತದೆ. ಮನೆಮಂದಿಯ ಸ್ವೆಟರುಗಳೆಲ್ಲ ಒಗೆಸಿಕೊಂಡು ಟ್ರಂಕು ಸೇರುತ್ತವೆ.

ವಿಚಿತ್ರ ನೋಡಿ. ಹಾಕಿಕೊಳ್ಳುವ ಸ್ವೆಟರು ಮೇಲಕ್ಕೆ ಹೋಗುವ ಇದೇ ಹೊತ್ತಿನಲ್ಲಿ ಹೆಣೆಯುವ ಸ್ವೆಟರು ಕೆಳಕ್ಕೆ ಇಳಿಯುತ್ತದೆ. ಅಟ್ಟದ ಮೇಲಿಂದಲೋ ಬೀರುವಿನ ತಲೆ ಮೇಲಿಂದಲೋ ಒಂದು ಹಳೇ ಜವಳಿ ಅಂಗಡಿ ಚೀಲ ಇಳಿಯುತ್ತದೆ. ಒಳಗೆ ಎರಡು ಕಡ್ಡಿ, ನಾಲ್ಕು ಉಂಡೆ ಉಲ್ಲನ್ನು, ಬೆನ್ನು ಮುಗಿದು ಎದೆ ಅರ್ಧಕ್ಕೆ ನಿಂತ ಒಂದು ಸ್ವೆಟರು. ತೋಳು ಇಲ್ಲ. ಕತ್ತು ಇಲ್ಲ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇಂಥ ಚೀಲ ಇರುವ ಮನೆಗಳು ಎಷ್ಟಿವೆಯೋ ಲೆಕ್ಕ ಇಟ್ಟವರಿಲ್ಲ. ನನ್ನ ಮನೆಯಲ್ಲೂ ಒಂದಿದೆ, ಅದರ ವಿಚಾರ ಎತ್ತಿದರೆ ಆ ದಿನ ಕಾಫಿಗೆ ಸಕ್ಕರೆ ಕಮ್ಮಿಯಾಗುತ್ತದೆ.

ಚಳಿಗೆ ಬೇಕಾದ್ದನ್ನು ಬೇಸಿಗೆಯ ಬಾಗಿಲಲ್ಲಿ ಕೂತು ಹೆಣೆಯುವುದೇ ಎಂದು ಪಟ್ಟಣದವರು ನಗಬಹುದು. ನಮ್ಮ ಸೀಮೆಯ ಪಂಚಾಂಗವೇ ಬೇರೆ, ಸ್ವಾಮಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಮೂರೂ ಹೊಗೆಸೊಪ್ಪಿನ ತಾಲ್ಲೂಕುಗಳು. ಮುಂಗಾರಿಗೆ ನಾಟಿ. ಮಳೆ ಹಿಡಿದ ಮೇಲೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿನಲ್ಲಿ ಹದ ಮಾಡುವುದು. ಆಮೇಲೆ ಬೇಲು ಕಟ್ಟುವ ಮುಂಚೆ ಎಲೆ ಎಲೆಯನ್ನೂ ಬಣ್ಣ ನೋಡಿ ವಿಂಗಡಿಸುವುದು. ಈ ವಿಂಗಡಣೆ ಬಹುಪಾಲು ಹೆಂಗಸರ ಕೆಲಸ. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಕಟ್ಟೆಗಳಲ್ಲಿ ವ್ಯಾಪಾರ ನಡೆಯುವಷ್ಟು ಕಾಲ ಮನೆಯಲ್ಲಿ ಸೊಪ್ಪಿನದೇ ರಾಜ್ಯ. ಅಂಟು, ಧೂಳು, ಆ ಘಾಟು ಹತ್ತಿದ ಕೈಯಲ್ಲಿ ಎಳೇ ಮಗುವಿನ ಸ್ವೆಟರು ಯಾರು ಮುಟ್ಟುತ್ತಾರೆ? ಇನ್ನು ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ಕೊಯ್ಲು, ಒಕ್ಕಣೆ ಮುಗಿದು, ಸಂಕ್ರಾಂತಿ ಕಳೆದು, ಚುಂಚನಕಟ್ಟೆ ಜಾತ್ರೆಗೆ ಹೋಗಿಬಂದ ಮೇಲೆಯೇ ಹೆಣ್ಣುಮಕ್ಕಳಿಗೆ ಕೂರಲು ಹೊತ್ತು.

ಅಂದರೆ ಚಳಿಗಾಲದಲ್ಲಿ ಚಳಿಯಿರುತ್ತದೆ, ಕೈಗೆ ಬಿಡುವಿರುವುದಿಲ್ಲ. ಬಿಡುವು ಬರುವ ಹೊತ್ತಿಗೆ ಚಳಿ ಹೋಗಿರುತ್ತದೆ. ಅರ್ಧ ಸ್ವೆಟರು ಅರ್ಧವಾಗಿಯೇ ಉಳಿಯುವುದಕ್ಕೆ ಸೋಮಾರಿತನ ಕಾರಣ ಎಂದು ಹೇಳುವ ಗಂಡಸರು ಒಂದು ದಿನ ಸೊಪ್ಪು ವಿಂಗಡಿಸಲು ಕೂತು ನೋಡಲಿ.

ಚೀಲ ಇಳಿಸಿದವರಿಗೆ ಒಂದೆರಡು ಮಾತು, ಬಲ್ಲವರಿಂದ ಕೇಳಿ ಬರೆಯುತ್ತಿದ್ದೇನೆ. ನಿಂತ ಕಡೆಯಿಂದಲೇ ಶುರು ಮಾಡಬೇಡಿ. ವರ್ಷದ ಹಿಂದಿನ ಕೈಯ ಬಿಗಿ ಬೇರೆ, ಇವತ್ತಿನ ಬಿಗಿ ಬೇರೆ. ಹಾಗೇ ಮುಂದುವರಿಸಿದರೆ ಎದೆಯ ಮೇಲೆ ಗೆರೆ ಎಳೆದಂತೆ ಕಾಣುತ್ತದೆ. ಮೂರು ನಾಲ್ಕು ಸಾಲು ಬಿಚ್ಚಿ, ಕುಣಿಕೆಗಳನ್ನು ಎಣಿಸಿ, ಸೀದಾ ಸಾಲೋ ಉಲ್ಟಾ ಸಾಲೋ ನೋಡಿಕೊಂಡು ಹಿಡಿಯಬೇಕು. ಬಿಚ್ಚಿದ ದಾರ ಗುಂಗುರಾಗಿದ್ದರೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಒದ್ದೆ ಮಾಡಿ ತೂಗುಹಾಕಿ, ನೆಟ್ಟಗಾಗುತ್ತದೆ. ದಾರ ಸಾಲದೆ ಹೊಸದು ತರುವುದಾದರೆ ಉಂಡೆಯ ಚೀಟಿಯಲ್ಲಿರುವ ಲಾಟ್ ನಂಬರು ನೋಡಿ. ಅದೇ ಬಣ್ಣ ಅಂತ ಅಂಗಡಿಯವನು ಟ್ಯೂಬ್‌ಲೈಟ್ ಕೆಳಗೆ ಆಣೆ ಇಟ್ಟು ಕೊಡುತ್ತಾನೆ, ಬಿಸಿಲಿಗೆ ಬಂದರೆ ಎದೆ ಒಂದು ನೀಲಿ, ತೋಳು ಇನ್ನೊಂದು ನೀಲಿ. ನುಸಿ ಹಿಡಿದಿದೆಯೇ ಎಂಬ ಭಯ ಮಾತ್ರ ಹೆಚ್ಚಿನವರಿಗೆ ಬೇಡ. ನಮ್ಮ ಪೇಟೆಗಳಲ್ಲಿ ಉಲ್ಲನ್ನು ಎಂದು ಮಾರುವ ಬಹುಪಾಲು ದಾರಕ್ಕೂ ಕುರಿಗೂ ಸಂಬಂಧವಿಲ್ಲ, ಅದು ಅಕ್ರಿಲಿಕ್ಕು. ನುಸಿಗೂ ಅದು ರುಚಿಸುವುದಿಲ್ಲ.

ಕುರಿಯ ಮಾತು ಬಂತಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಹುಣಸೂರಿನಲ್ಲಿ ಸರ್ಕಾರದ ಚರ್ಮ ಹದ ಮಾಡುವ ಕಾರ್ಖಾನೆಯ ಜೊತೆಗೆ ಕಂಬಳಿ ತಯಾರಿಕೆಯೂ ಇತ್ತು. ಉಣ್ಣೆ ಈ ಊರಿಗೆ ಹೊಸದಲ್ಲ. ಆ ಕಾಲದಲ್ಲಿ ಮಗ್ಗದ ಮುಂದೆ ಕೂತು ಕಂಬಳಿ ನೇಯುತ್ತಿದ್ದವರು ಗಂಡಸರೇ, ಅದನ್ನು ಯಾರೂ ಬಿಡುವಿನ ಕೆಲಸ ಎನ್ನಲಿಲ್ಲ, ಕಸುಬು ಎಂದರು. ಉಣ್ಣೆ ಹೆಂಗಸಿನ ಮಡಿಲಿಗೆ ಬಂದ ಮೇಲೆ ಅದು ಹವ್ಯಾಸವಾಯಿತು.

ಇನ್ನು ಸ್ವೆಟರಿನ ವ್ಯಾಪಾರ. ಆ ವಿದ್ಯೆ ನೋಡಬೇಕಾದರೆ ಬೈಲುಕುಪ್ಪೆಗೆ ಹೋಗಬೇಕು. 1960ರಲ್ಲಿ ಆಗಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು ಮೂರು ಸಾವಿರ ಎಕರೆ ಕಾಡು ಜಾಗದಲ್ಲಿ ಟಿಬೆಟಿನಿಂದ ಬಂದವರು ನೆಲೆ ಊರಿದರು. ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಒಂದು ವಸತಿ ಆಯಿತು. ಜೋಳ ಬೆಳೆದರು, ರತ್ನಗಂಬಳಿ ನೇಯ್ದರು. ಸುಗ್ಗಿ ಮುಗಿದ ಮೇಲೆ ಚಳಿಗಾಲದಲ್ಲಿ ಗಂಟು ಕಟ್ಟಿಕೊಂಡು ಊರೂರಿಗೆ ಹೋಗಿ ಸ್ವೆಟರು ಮಾರಿದರು. ಫುಟ್‌ಪಾತಿನಲ್ಲಿ ಸಾಲಾಗಿ ಕೂತ ಅವರ ಅಂಗಡಿಗಳಲ್ಲಿ ಸ್ವೆಟರು ಕೊಂಡ ನೆನಪು ನಿಮ್ಮಲ್ಲೂ ಎಷ್ಟೋ ಜನಕ್ಕೆ ಇದ್ದೀತು. ಮೊದಮೊದಲು ಕೈಹೆಣಿಗೆಯೂ ಇರುತ್ತಿತ್ತು. ಬರಬರುತ್ತಾ ಪಂಜಾಬಿನ ಲೂಧಿಯಾನದ ಕಾರ್ಖಾನೆಗಳ ಮಾಲೇ ಆಯಿತು. ಚಳಿ ಕಳೆದಂತೆ ಗಂಟು ಕಟ್ಟಿ, ತಮ್ಮ ಹೊಸ ವರ್ಷ ಲೋಸಾರ್‌ಗೆ, ಅಂದರೆ ಫೆಬ್ರವರಿ ಇಲ್ಲವೇ ಮಾರ್ಚಿಗೆ, ಊರಿಗೆ ವಾಪಸು.

ಅವರನ್ನು ದೂರಿ ಪ್ರಯೋಜನವಿಲ್ಲ. ಅವರು ಕಾಲ ಅರಿತು ವ್ಯಾಪಾರ ಮಾಡಿದರು. ಮಿಷನ್ನು ಗಂಟೆಯೊಳಗೆ ಹೊರಹಾಕುವ ಸ್ವೆಟರಿನ ಎದುರು, ಅರ್ಧ ಕೆ.ಜಿ. ಉಲ್ಲನ್ನು ತಂದು ತಿಂಗಳುಗಟ್ಟಲೆ ಕೂತು ಹೆಣೆದ ಸ್ವೆಟರು ಬೆಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಹೆಣ್ಣುಮಕ್ಕಳ ಕಡ್ಡಿ ಹೆಣಿಗೆ ಈಗ ಮನೆ ಮಕ್ಕಳಿಗೆ, ಬಾಣಂತಿಗೆ, ವಯಸ್ಸಾದ ಅತ್ತೆ ಮಾವಂದಿರಿಗೆ. ಪ್ರೀತಿಗೆ ಅಂತ ಇಟ್ಟುಕೊಳ್ಳಿ.

ಕಾಸು ಬರುವುದು ಈಗ ಇನ್ನೊಂದು ಕಡ್ಡಿಯಿಂದ. ತುದಿಯಲ್ಲಿ ಕೊಕ್ಕೆ ಇರುವ ಕ್ರೋಷಾ ಕಡ್ಡಿ. ಹಿಂದೆ ಇದು ರೇಡಿಯೋ ಮೇಲಿನ ಹೊದಿಕೆಗೆ, ಬಾಗಿಲ ತೋರಣಕ್ಕೆ, ಹಾಲಿನ ಲೋಟದ ಮೇಲೆ ಮುಚ್ಚುವ ಮಣಿ ಕಟ್ಟಿದ ಜಾಳಿಗೆಗೆ ಸೀಮಿತವಾಗಿತ್ತು. ರೇಡಿಯೋ ಹೋಯಿತು, ಹೊದಿಕೆಯೂ ಹೋಯಿತು. ಕಡ್ಡಿ ಮಾತ್ರ ಸೀರೆಯ ಸೆರಗಿಗೆ ಬಂತು. ಈಗ ಮದುವೆ ಸೀರೆ ಎಂದರೆ ಕುಚ್ಚು ಇಲ್ಲದೆ ಉಡುವವರಿಲ್ಲ. ಬರೀ ಎಳೆ ಗಂಟು ಹಾಕಿದ ಕುಚ್ಚು ಹಳೇ ಕಾಲದ್ದಾಯಿತು. ಕ್ರೋಷಾದಲ್ಲಿ ಚೈನು ಹಾಕಿ, ನಡುನಡುವೆ ಮಣಿ ಪೋಣಿಸಿ, ಸೀರೆಯ ಅಂಚಿನ ಬಣ್ಣಕ್ಕೆ ಹೊಂದುವ ರೇಷ್ಮೆ ದಾರದಲ್ಲಿ ಇಳಿಬಿಟ್ಟ ಕುಚ್ಚೇ ಬೇಕು. ಶಿವರಾತ್ರಿ ಕಳೆದು ಉಗಾದಿ ಹತ್ತಿರವಾದಂತೆ ಲಗ್ನಗಳ ಸಾಲು. ಸೊಪ್ಪು ಮಾರಿದ ದುಡ್ಡು ಕೈಗೆ ಬಂದಿರುತ್ತದೆ, ಮದುವೆ ಗೊತ್ತಾಗುತ್ತದೆ, ಸೀರೆ ಬರುತ್ತದೆ, ಟೈಲರ್ ಅಂಗಡಿಗಳ ಮುಂದೆ ‘ಫಾಲ್, ಪೀಕೋ, ಕುಚ್ಚು ಹಾಕಿಕೊಡಲಾಗುವುದು’ ಎಂಬ ಬೋರ್ಡಿಗೆ ಹೊಸ ಬಣ್ಣ. ಅಂಗಡಿಯಲ್ಲಿ ಕೊಟ್ಟ ಸೀರೆ ಅಂಗಡಿಯಲ್ಲೇ ಇರುತ್ತದೆಂದು ನೀವು ತಿಳಿದಿದ್ದರೆ ಅದು ತಪ್ಪು. ಅದು ಚೀಲದಲ್ಲಿ ಕೂತು ಹಳ್ಳಿಗೆ ಹೋಗುತ್ತದೆ.

ಮೊನ್ನೆ ಹುಣಸೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದ ಸಾಲಿನ ಕಿಟಕಿಯಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ತೊಡೆಯ ಮೇಲೆ ಬಿಳೀ ಟವೆಲ್ಲು, ಟವೆಲ್ಲಿನ ಮೇಲೆ ರಾಣಿ ಬಣ್ಣದ ರೇಷ್ಮೆ ಸೀರೆಯ ಸೆರಗು, ಕೈಯಲ್ಲಿ ಕಡ್ಡಿ. ಹುಣಸೂರು ಬಿಡುವಾಗ ಶುರು ಮಾಡಿದ್ದು ಬಿಳಿಕೆರೆ ದಾಟುವ ಹೊತ್ತಿಗೆ ನಾಲ್ಕು ಬೆರಳಗಲ ಮುಗಿದಿತ್ತು. ಬಸ್ಸು ಕುಣಿದರೂ ಕೊಕ್ಕೆ ತಪ್ಪಲಿಲ್ಲ.

“ಯಾರ ಸೀರೆನಮ್ಮ?” ಎಂದೆ.

“ಯಾರ್ದೋ ಮದ್ವೆದು ಕನ ಸಾ. ಅಂಗ್ಡಿಯೋರು ನಾಳೀಕೇ ಬೇಕು ಅಂತವ್ರೆ.”

ಮಾತಿಗೆ ಮಾತು ಬೆಳೆದು ಲೆಕ್ಕಕ್ಕೆ ಬಂತು. ಒಂದು ಸೀರೆಗೆ ಆಕೆಗೆ ಸಿಗುವುದು 250 ರೂಪಾಯಿ. ದಾರ, ಮಣಿ ಆಕೆಯದೇ, ಸುಮಾರು 40 ರೂಪಾಯಿ. ಸೀರೆಯವರಿಂದ ಅಂಗಡಿಯವರು ತೆಗೆದುಕೊಳ್ಳುವುದು 600 ಎಂದು ಆಕೆಗೆ ಗೊತ್ತಾದದ್ದು ಅಂಗಡಿಯಿಂದಲ್ಲ, ಒಬ್ಬ ಗಿರಾಕಿಯಿಂದ. ದುಡ್ಡು ಕೊಡುವುದು ಸೀರೆ ಒಪ್ಪಿಸಿದ ದಿನವಲ್ಲ, ಗಿರಾಕಿ ಬಂದು ಸೀರೆ ಒಯ್ದ ಮೇಲೆ. ಕೆಲವು ಸಲ ತಿಂಗಳು. ಅಂಗಡಿಯ ಹೆಸರು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿ ಬರೆದಿದ್ದರೆ ಆಕೆಗೆ ಮುಂದಿನ ಸೀರೆ ಸಿಗುತ್ತಿರಲಿಲ್ಲ.

ನಾವೇ ಲೆಕ್ಕ ಹಾಕೋಣ. ಸೆರಗಿನ ಪನ್ನ ಸುಮಾರು 45 ಅಂಗುಲ. ನಾಲ್ಕು ಬೆರಳೆಂದರೆ ಮೂರು ಅಂಗುಲ. ಹುಣಸೂರಿನಿಂದ ಬಿಳಿಕೆರೆಗೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಗಂಟೆಗೆ ಆರು ಅಂಗುಲವಾಯಿತು. 45 ಅಂಗುಲಕ್ಕೆ ಏಳೂವರೆ ಗಂಟೆ. ದಾರ ಮಣಿ ಕಳೆದು ಉಳಿದ 210 ರೂಪಾಯಿಯನ್ನು ಏಳೂವರೆಯಿಂದ ಭಾಗಿಸಿ. ಗಂಟೆಗೆ 28 ರೂಪಾಯಿ. 2025-26ರಲ್ಲಿ ನರೇಗಾ ಕೆಲಸಕ್ಕೆ ಕರ್ನಾಟಕದಲ್ಲಿ ಗೊತ್ತು ಮಾಡಿದ್ದ ದಿನಗೂಲಿ 370 ರೂಪಾಯಿ, ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ 46. ಮಣ್ಣು ಹೊರುವುದು ಕಷ್ಟದ ಕೆಲಸ, ಅದರ ಕೂಲಿಯೇ ಸಾಲದು. ಹಾಗಿರುವಾಗ ಕಣ್ಣು ಕೀಲಿಸಿ, ಹತ್ತಿಪ್ಪತ್ತು ಸಾವಿರದ ಸೀರೆಯ ಜವಾಬ್ದಾರಿ ಹೊತ್ತು ಮಾಡುವ ಕುಶಲ ಕೆಲಸಕ್ಕೆ ಅದಕ್ಕಿಂತ ಎಷ್ಟೋ ಕಮ್ಮಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೈಗೆ ರೇಷ್ಮೆ, ಬಾಯಿಗೆ ನೀರು ಮಜ್ಜಿಗೆ.

ಸೀರೆಗೆ ಎಣ್ಣೆ ಕಲೆ ಬಿದ್ದರೆ, ಎಳೆ ಹರಿದರೆ ನಷ್ಟ ಯಾರದು? ಆಕೆಯದೇ.

ಇದು ನಮ್ಮ ಊರಿನ ಕತೆ ಮಾತ್ರವಲ್ಲ. ಆಂಧ್ರದ ಗೋದಾವರಿ ಸೀಮೆಯಲ್ಲಿ ನರಸಾಪುರ ಎಂಬ ಊರಿದೆ. ಪಾದ್ರಿಗಳ ಮನೆಯವರು ಕಲಿಸಿದ ಕ್ರೋಷಾ ಲೇಸು ಅಲ್ಲಿ ದೊಡ್ಡ ರಫ್ತು ವ್ಯಾಪಾರವಾಗಿ ಬೆಳೆಯಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲಿಗೆ ಬಂದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ತಂದರು. ಅವರು ಕಂಡದ್ದು ಇಷ್ಟು: ಹೆಂಗಸರು ದಿನಕ್ಕೆ ಆರೆಂಟು ಗಂಟೆ ಲೇಸು ಹೆಣೆಯುತ್ತಾರೆ, ಲೇಸು ಪರದೇಶಕ್ಕೆ ಹೋಗುತ್ತದೆ, ವ್ಯಾಪಾರಿಗಳು ದೊಡ್ಡವರಾಗುತ್ತಾರೆ, ಹೆಣೆದವರನ್ನು ಮಾತ್ರ ಎಲ್ಲರೂ ‘ಮನೆಯಲ್ಲಿ ಸುಮ್ಮನೆ ಕೂತವರು’ ಎನ್ನುತ್ತಾರೆ. ಬಿಡುವಿನ ಹೊತ್ತಿನ ಕೆಲಸ ಎಂಬ ಒಂದು ಮಾತಿನಲ್ಲಿ ಕೂಲಿ ಕರಗಿಹೋಗುತ್ತದೆ. ಮನೆಗೆ ಒಯ್ದು ಕೆಲಸ ಮಾಡುವವರನ್ನೂ 1948ರ ಕನಿಷ್ಠ ವೇತನ ಕಾಯ್ದೆ ನೌಕರರ ವ್ಯಾಖ್ಯೆಯೊಳಗೆ ಸೇರಿಸಿತ್ತು. ಕಾಯ್ದೆ ದಿಲ್ಲಿಯಲ್ಲಿತ್ತು, ಸೀರೆ ಹಳ್ಳಿಯಲ್ಲಿತ್ತು. ಇಬ್ಬರೂ ಭೇಟಿಯಾಗಲಿಲ್ಲ.

ಈಗ ಅಂಗಡಿಯವರ ಮಾತನ್ನೂ ಕೇಳಬೇಕು, ಈ ಪತ್ರಿಕೆ ಓದುವವರಲ್ಲಿ ಅರ್ಧ ಜನ ಅವರೇ. ಅವರು ಹೇಳುವುದರಲ್ಲೂ ಹುರುಳಿದೆ. ಅಂಗಡಿ ಬಾಡಿಗೆ, ಕರೆಂಟು ಬಿಲ್ಲು ಅವರದು. ಮದುವೆ ಮೂರು ದಿನವಿದೆ ಎನ್ನುವಾಗ ಹತ್ತು ಸೀರೆ ತಂದು ಸುರಿಯುವ ಗಿರಾಕಿಯ ಬೈಗುಳ ಅವರದು. ಕೆಲವರು ಸೀರೆ ಕೊಟ್ಟು ತಿಂಗಳಾದರೂ ತಲೆ ಹಾಕುವುದಿಲ್ಲ. ಈಚೆಗೆ ಮಿಷನ್ನಿನಲ್ಲಿ ಮಾಡಿದ ರೆಡಿಮೇಡ್ ಕುಚ್ಚು ಬಂದಿದೆ, ಅದನ್ನು ತಂದು ಹೊಲಿದರೆ ಅರ್ಧ ಗಂಟೆಯ ಕೆಲಸ. ಕೂಲಿ ಹೆಚ್ಚು ಮಾಡಿದರೆ ಗಿರಾಕಿ ಅದಕ್ಕೇ ಹೋಗುತ್ತಾನೆ ಎಂಬ ಹೆದರಿಕೆ.

ಹೆದರಿಕೆ ನಿಜ. ಆದರೆ ಸ್ವೆಟರಿಗೆ ಆದ ಗತಿಯನ್ನೇ ನೋಡಿ. ಕೈಕೆಲಸದವರಿಗೆ ಗಿಟ್ಟದೆ ಕೈಬಿಟ್ಟ ಮೇಲೆ ನಮ್ಮ ಪೇಟೆಗೆ ಬಂದದ್ದು ಲೂಧಿಯಾನದ ಮಾಲು, ಅದರಲ್ಲಿ ಹುಣಸೂರಿನ ಅಂಗಡಿಗೂ ವಿಶೇಷ ಲಾಭವಿಲ್ಲ. ಸೀರೆಯ ಅಂಚಿನ ಬಣ್ಣ ನೋಡಿ, ಆ ಸೀರೆಗೇ ಅಂತ ಹಾಕುವ ಕುಚ್ಚು ಕೈಯಲ್ಲಿ ಮಾತ್ರ ಸಾಧ್ಯ. ನಿಮ್ಮ ಬೋರ್ಡಿಗೆ ಗಿರಾಕಿ ಬರುವುದು ಆ ಕೈಯನ್ನು ನಂಬಿ. ಆ ಕೈ ಸೋತು ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋದರೆ ಬೋರ್ಡು ಇಟ್ಟುಕೊಂಡು ಏನು ಮಾಡುತ್ತೀರಿ?

ಆದ್ದರಿಂದ ಕೇಳುವುದು ದೊಡ್ಡದೇನಲ್ಲ. ಸೀರೆ ಒಪ್ಪಿಸಿದ ದಿನವೇ ದುಡ್ಡು ಕೊಡಿ. ಗಿರಾಕಿ ಯಾವಾಗ ಬರುತ್ತಾನೆಂಬುದು ನಿಮ್ಮ ವ್ಯಾಪಾರದ ಪಾಡು, ಕಡ್ಡಿ ಹಿಡಿದವಳ ಪಾಡಲ್ಲ. ದಾರ, ಮಣಿ ಅಂಗಡಿಯಿಂದಲೇ ಕೊಡಿ, ನಿಮಗೆ ಸಗಟಿನಲ್ಲಿ ಸಿಗುತ್ತದೆ, ಆಕೆಗೆ ಚಿಲ್ಲರೆಯಲ್ಲಿ. ಗಿರಾಕಿಗೆ ಬರೆದುಕೊಡುವ ಚೀಟಿಯ ಇನ್ನೊಂದು ಪ್ರತಿ ಸೀರೆಯ ಜೊತೆ ಆಕೆಗೂ ಹೋಗಲಿ. 600ರಲ್ಲಿ 250 ನ್ಯಾಯವೋ 400 ನ್ಯಾಯವೋ ಎಂಬ ವಾದ ಆಮೇಲೆ ನಡೆಯಲಿ, ಮೊದಲು ಅಂಕಿ ಇಬ್ಬರಿಗೂ ಕಾಣಲಿ. ನನ್ನ ಅಭಿಪ್ರಾಯ ಕೇಳಿದರೆ ಮೂರರಲ್ಲಿ ಎರಡು ಪಾಲು ಹಾಕಿದವಳದು. ಒಪ್ಪದವರು ಪತ್ರ ಬರೆಯಿರಿ.

ಬಸ್ಸಿನಲ್ಲಿ ಓದುತ್ತಿರುವ ಮಹನೀಯರೇ, ಮಹಿಳೆಯರೇ, ನೀವೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಹದಿನೈದು ಸಾವಿರದ ಸೀರೆಗೆ ಜವಳಿ ಅಂಗಡಿಯಲ್ಲಿ ಚೌಕಾಸಿ ಮಾಡದೆ ಕಾಫಿ ಕುಡಿದು ಬರುತ್ತೇವೆ. ಆಮೇಲೆ ಕುಚ್ಚಿನವರ ಹತ್ತಿರ ಐವತ್ತು ರೂಪಾಯಿಗೆ ಅರ್ಧ ಗಂಟೆ ನಿಲ್ಲುತ್ತೇವೆ. ಆ ಐವತ್ತು ಅಂಗಡಿಯವನ ಗಲ್ಲಾದಿಂದ ಹೋಗುತ್ತದೆಂದು ಭ್ರಮೆ ಬೇಡ. ಅದು ಇಳಿಯುತ್ತಾ ಇಳಿಯುತ್ತಾ ಹೋಗಿ ನಿಲ್ಲುವುದು ಕೊಕ್ಕೆಯ ತುದಿಯಲ್ಲಿ.

ಇನ್ನು ಹೆಣ್ಣುಮಕ್ಕಳಿಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಆದರೂ ಒಂದು ಮಾತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ಟಿನ ದುಡ್ಡಿಲ್ಲ. ಮೈಸೂರಿನ ಪೇಟೆಗೆ ಹೋಗಿ ದಾರದ ಬೆಲೆ, ಕುಚ್ಚಿನ ಬೆಲೆ ಎರಡನ್ನೂ ಕಣ್ಣಾರೆ ನೋಡಿಕೊಂಡು ಬರಬಹುದು. ಊರೂರಲ್ಲಿ ಸ್ತ್ರೀಶಕ್ತಿ ಸಂಘಗಳಿವೆ. ವಾರದ ಸಭೆಯಲ್ಲಿ ಸಾಲ ಮರುಪಾವತಿಯ ಜೊತೆ ಕುಚ್ಚಿನ ದರವನ್ನೂ ಮಾತಾಡಿ. ಇಂಥ ನಮೂನೆಗೆ ಇಷ್ಟು, ಅದಕ್ಕಿಂತ ಕೆಳಗೆ ನಮ್ಮೂರಲ್ಲಿ ಯಾರೂ ಹಾಕುವುದಿಲ್ಲ ಎಂದು ಹತ್ತು ಜನ ಒಟ್ಟಿಗೆ ಹೇಳಿದರೆ ಅಂಗಡಿಯವರು ಕೇಳುತ್ತಾರೆ. ಒಬ್ಬೊಬ್ಬರೇ ಹೋದರೆ ‘ಪಕ್ಕದ ಊರಿನವಳು 200ಕ್ಕೇ ಹಾಕ್ತಾಳೆ’ ಎಂಬ ಒಂದೇ ಮಾತಿಗೆ ಎಲ್ಲರೂ ಸೋಲುತ್ತೀರಿ.

ಕೂಲಿ ಸರಿಯಾಗಿ ಸಿಕ್ಕರೆ ಇನ್ನೊಂದು ಅನುಕೂಲ. ಆರು ಸೀರೆ ಹಾಕಿ ಪಡೆಯುವುದನ್ನು ನಾಲ್ಕು ಸೀರೆಗೇ ಪಡೆದರೆ, ಉಳಿದ ಎರಡು ಸೀರೆಯ ಹೊತ್ತು ಆಕೆಯದೇ ಆಗುತ್ತದೆ. ಅಟ್ಟದ ಮೇಲಿನ ಆ ಚೀಲಕ್ಕೆ ತೋಳು ಬರುವುದು ಆಗ. ನಾನು ಈ ಮಾತು ಬಸ್ಸಿನಲ್ಲೇ ಆಕೆಗೆ ಹೇಳಿದೆ. ಇಲವಾಲ ದಾಟಿತ್ತು. ಆಕೆ ಕಡ್ಡಿ ನಿಲ್ಲಿಸದೆಯೇ ನಕ್ಕಳು.

“ನಮ್ಮನೇಲೂ ಅದೆ ಸಾ ಒಂದು. ಮಗ ಅಂಗನವಾಡಿಗೆ ಓಗ್ವಾಗ ಸುರು ಮಾಡಿದ್ದು. ಪ್ರತಿ ವರ್ಸ ಈ ಟೇಮಲ್ಲಿ ಕೆಳೀಕ್ ಇಳುಸ್ತೀನಿ. ಸೀರೆ ಬತ್ತವೆ, ಎತ್ತಿ ಮಡುಗ್ತೀನಿ. ಸೀರೆ ಮುಗಿಯೋ ಒತ್ಗೆ ಸೆಕೆ ಬಂದ್ಬುಡ್ತದೆ.”

“ಈಗ ಮಗ ಎಷ್ಟನೇ ಕ್ಲಾಸು?”

“ಮೂರ್ನೇ ಕ್ಲಾಸು. ಅವ್ನಿಗೆಲ್ಲಿ ಆದದು ಇನ್ನು? ಬಿಚ್ಚಾಕಿ ನನ್ ತಂಗಿ ಮಗೀಗೆ ಒಂದು ಕುಲಾವಿ ಮಾಡಾದು ಅಂತಿವ್ನಿ. ಕುಲಾವಿ ಆದ್ರೆ ಎರಡ್ ದಿನ ಸಾಕು.”

ಬಸ್ ಸ್ಟ್ಯಾಂಡು ಬಂತು. ಸೀರೆಯನ್ನು ಟವೆಲ್ಲಿನಲ್ಲಿ ಸುತ್ತಿ, ಕಡ್ಡಿಯನ್ನು ಜಡೆಗೆ ಸಿಕ್ಕಿಸಿಕೊಂಡು, ದಾರ ತರಲು ಸಂತೇಪೇಟೆ ಕಡೆ ಹೋದಳು. ಸೆರಗಿನಲ್ಲಿ ಇನ್ನೂ ಅರ್ಧ ಪನ್ನ ಬಾಕಿ ಇತ್ತು.